ಬೀಜ ಒಡೆದವರ ಅಪಾರ್ಟ್‌ಮೆಂಟು

ಸಿಯೋಲ್, ಬೊಂಗ್‌ಚೊನ್ ಗುಡ್ಡ
1977 ಜುಲೈ 9

ಉನ್‌ಹಾಳ ಅಪ್ಪನಿಗೆ,

ನಿಮ್ಮ ಜೂನ್ ಇಪ್ಪತ್ತರ ಪತ್ರ ಬಂತು. ಎಂದಿನಂತೆ ಅತ್ತೆಯ ಮುಂದೆ ಕೂತು ಗಟ್ಟಿಯಾಗಿ ಓದಿದೆ. ಮುಗಿದ ಮೇಲೆ ಅವರು ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದರು. “ಇಷ್ಟೇನಾ? ಅಷ್ಟು ದೂರದಿಂದ ಬರೋ ಕಾಗದ, ಇನ್ನೆರಡು ಮಾತು ಬರೆದಿದ್ರೆ ಇವನ ಕೈ ಸವೆದುಹೋಗ್ತಿತ್ತಾ?” ಎಂದರು. ಆದ್ದರಿಂದ ಮುಂದಿನ ಸಲ ಉದ್ದಕ್ಕೆ ಬರೆಯಿರಿ. ಮರುಭೂಮಿಯಲ್ಲಿ ಸೆಂಟ್ರಿಂಗ್ ಹಲಗೆ ಹೊಡೆಯುವುದರ ಬಗ್ಗೆ ಬರೆದರೂ ಸರಿ, ಅವರಿಗೆ ಕೇಳಲು ನಿಮ್ಮ ಮಾತು ಬೇಕು.

ಈಗ ಅವರು ನಲ್ಲಿಯ ಸಾಲಿನಲ್ಲಿ ಬಿಂದಿಗೆ ಇಟ್ಟು ಜಗಳಕ್ಕೆ ನಿಂತಿದ್ದಾರೆ. ಅಷ್ಟರಲ್ಲಿ ವಿಷಯ ಹೇಳಿಬಿಡುತ್ತೇನೆ, ಅವರ ಎದುರಿಗೆ ಬರೆಯಲು ನಾಚಿಕೆ. ನಾನು ಬಸುರಿ! ನೀವು ಹೋದ ಸಂಕಟಕ್ಕೆ ಮುಟ್ಟು ನಿಂತಿದೆ ಎಂದುಕೊಂಡಿದ್ದೆ. ಮೊನ್ನೆ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ ಮೂರನೇ ತಿಂಗಳು ನಡೆಯುತ್ತಿದೆ ಎಂದಳು. ಉನ್‌ಹಾ ಹುಟ್ಟಿ ಆರು ವರ್ಷ. ಅವಳಾದ ಮೇಲೆ ಅತ್ತೆ ನನಗೆ ಕುಡಿಸದ ಕಷಾಯ ಉಂಟೆ! ಬೀದಿಯಲ್ಲಿ ಯಾರದಾದರೂ ಗಂಡುಮಗು ಕಂಡರೆ ನನ್ನ ಮುಖ ನೋಡುತ್ತಿದ್ದರು. ಈಗ ನಾನು ಕಲ್ಲಿದ್ದಲ ಬಿಲ್ಲೆ ಎತ್ತಿದರೆ ಓಡಿಬಂದು ಕಿತ್ತುಕೊಳ್ಳುತ್ತಾರೆ. ಅವರ ಕನಸಿನಲ್ಲಿ ಮಡಿಲ ತುಂಬ ಕೆಂಪು ಮೆಣಸಿನಕಾಯಿ ಬಿತ್ತಂತೆ, ಹಾಗಾದರೆ ಗಂಡೇ ಅಂತೆ.

ನೀವು ಹೊರಡುವ ಹಿಂದಿನ ವಾರ ಉನ್‌ಹಾಳನ್ನು ಅತ್ತೆಯ ಜೊತೆ ಬೀದಿಯ ಸಾರ್ವಜನಿಕ ಸ್ನಾನದ ಮನೆಗೆ ಕಳಿಸಿದ ದಿನ ನೆನಪಿದೆಯಲ್ಲ? ಅವತ್ತೇ ಇರಬೇಕು ಎಂದು ನನ್ನ ಲೆಕ್ಕ. ನಗಬೇಡಿ. ನನಗೆ ಬಹಳ ಸಂತೋಷವಾಗಿದೆ. ಹೆಸರು ಯೋಚಿಸಿ ಬರೆಯಿರಿ.

ಉನ್‌ಹಾಳ ಅಮ್ಮ


ಜುಬೈಲ್, ಸೌದಿ
1977 ಜುಲೈ 26

ಸಾಂಬೊಕ್,

ಈ ಕಾಗದ ಓದಿ ಒಲೆಗೆ ಹಾಕು. ನಿನ್ನ ಕ್ಷೌರದ ಅಂಗಡಿಯಲ್ಲಿ ಯಾರ ಕಣ್ಣಿಗೂ ಬೀಳಬಾರದು.

ಏಪ್ರಿಲ್ ಹನ್ನೆರಡು ನಿನಗೆ ಮರೆತಿರಲಾರದು. ಮೀಸಲು ಪಡೆಯ ತರಬೇತಿಯ ಮೈದಾನ, ಮಧ್ಯಾಹ್ನದ ಬಿಸಿಲು, ಬೇಲಿ ಪಕ್ಕ ನಿಂತ ಆ ಬಿಳೀ ವ್ಯಾನು. ಮೈಕು ಹಿಡಿದವನು, “ಆಪರೇಷನ್ ಮಾಡಿಸ್ಕೊಳ್ಳೋರು ಕೈ ಎತ್ತಿ! ಉಳಿದ ತರಬೇತಿ ಮಾಫಿ, ಈಗಿಂದೀಗ್ಲೇ ಮನೆಗೆ ಹೋಗ್ಬಹುದು! ಚಿಕ್ಕ ಸಂಸಾರ, ಬಡತನ ದೂರ!” ಎಂದ. ಮೊದಲು ಕೈ ಎತ್ತಿದವನು ನೀನು. ನೀನು ಮೂರು ಮಕ್ಕಳ ತಂದೆ. ನನಗೆ ಒಂದೇ. ಆದರೂ ನಿನ್ನ ಹಿಂದೆ ನಾನೂ ಎತ್ತಿದೆ. ಮೂರು ವಾರದಲ್ಲಿ ವಿಮಾನ ಹತ್ತಬೇಕಿತ್ತು, ತರಬೇತಿ ಬಾಕಿಯಿದ್ದರೆ ಕಾಗದಪತ್ರಕ್ಕೆ ತೊಡಕು ಎಂದು ಕಂಪನಿಯವರು ಹೆದರಿಸಿದ್ದರು. ಅದು ನೆಪ ಕೂಡ. ನಮ್ಮಮ್ಮ ಎಂಟು ಹೆತ್ತಳು, ನಾಲ್ಕನ್ನು ಮಣ್ಣು ಮಾಡಿದಳು. ಒಂದು ಬಟ್ಟಲು ಗಂಜಿಗೆ ನಾವೆಲ್ಲ ಮುಗಿಬೀಳುತ್ತಿದ್ದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಉನ್‌ಹಾಳ ನಂತರ ಇನ್ನೊಂದು ಆಗದೇ ಇದ್ದದ್ದು ಮನೆಯವರಿಗೆಲ್ಲ ಚಿಂತೆ, ನನಗೆ ಒಳಗೊಳಗೆ ನೆಮ್ಮದಿ.

ಮನೆಯಲ್ಲಿ ಹೇಳಲಿಲ್ಲ. ಉಳಿದಿರುವ ಒಬ್ಬನೇ ಮಗ ಹೋಗಿ ಕೊಯ್ಯಿಸಿಕೊಂಡು ಬಂದ ಎಂದರೆ ಅಮ್ಮ ಬಾವಿ ನೋಡಿಕೊಳ್ಳುತ್ತಿದ್ದಳು. ಹೆಂಡತಿಗೆ ವಾಪಸು ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಸೊಂಟ ಉಳುಕಿದೆ ಎಂದು ಒಂದು ವಾರ ಮಲಗಿದ್ದೆ, ನಂಬಿದಳು.

ನಿನ್ನೆ ಅವಳ ಪತ್ರ ಬಂತು. ಬಸುರಿಯಂತೆ. ಬಹಳ ಸಂತೋಷವಂತೆ.

ನಾನು ಪೆದ್ದನಲ್ಲ, ಸಾಂಬೊಕ್. ಊಟ ಸೇರುತ್ತಿಲ್ಲ. ಇಲ್ಲಿ ಒಂದೊಂದು ಕೊಠಡಿಯಲ್ಲಿ ಎಂಟೆಂಟು ಜನ ಮಲಗುತ್ತೇವೆ. ಯಾರಿಗಾದರೂ ಊರಿನಿಂದ ಇಂಥ ಸುದ್ದಿ ಬಂದರೆ ಉಳಿದವರು ಏನು ಮಾತಾಡುತ್ತಾರೆಂದು ಈ ಮೂರು ತಿಂಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ನಾನೂ ಅವರ ಜೊತೆ ನಕ್ಕಿದ್ದೇನೆ. ನಿನ್ನ ಅಂಗಡಿಯ ಮುಂದೆ ಹಾಯದೆ ಯಾರೂ ಗುಡ್ಡ ಹತ್ತುವ ಹಾಗಿಲ್ಲ. ನಮ್ಮ ಮನೆಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ನೋಡಿ ಬರೆ. ಸುಳ್ಳು ಬರೆಯಬೇಡ.

ಮಾನ್‌ಗಿ


ಜುಬೈಲ್
1977 ಜುಲೈ 28

ಉನ್‌ಹಾಳ ಅಮ್ಮನಿಗೆ,

ಪತ್ರ ತಲುಪಿತು. ಇಲ್ಲಿ ಬಿಸಿಲು ಜಾಸ್ತಿ, ಮಧ್ಯಾಹ್ನ ಕಬ್ಬಿಣ ಮುಟ್ಟಲಾಗುವುದಿಲ್ಲ. ಕೆಲಸ ನಡೆಯುತ್ತಿದೆ. ಸೂಲಗಿತ್ತಿ ಮೂರನೇ ತಿಂಗಳು ಎಂದದ್ದು ಸರಿಯಾಗಿ ನೋಡಿಯೇ? ಮತ್ತೊಮ್ಮೆ ಕೇಳಿ ತಿಳಿಸು. ಅಮ್ಮನ ಮಂಡಿನೋವು ಹೇಗಿದೆ? ಉನ್‌ಹಾ ನಲ್ಲಿಯ ಹತ್ತಿರ ಆಡದಂತೆ ನೋಡಿಕೊ.

ಉನ್‌ಹಾಳ ಅಪ್ಪ


ಸಿಯೋಲ್
1977 ಆಗಸ್ಟ್ 20

ಲೋ ಮಾನ್‌ಗಿ,

ಕತ್ತರಿ ಹಿಡಿಯುವವನನ್ನು ಪತ್ತೇದಾರನನ್ನಾಗಿ ಮಾಡಿದೆಯಲ್ಲ ಮಾರಾಯಾ! ನಿನ್ನ ಮನೆಯ ಕಡೆ ಕಣ್ಣು ಹಾಯಿಸುತ್ತಾ ಮೊನ್ನೆ ಒಬ್ಬ ಗಿರಾಕಿಯ ಕಿವಿಯನ್ನೇ ಗೀರಿಬಿಟ್ಟೆ. ಅವನು ಬೈದ ಬೈಗುಳ ನಿನ್ನ ಪಾಲಿಗೆ.

ಒಂದು ವಾರ ನೋಡಿದೆ. ಬಂದವರು: ಕಲ್ಲಿದ್ದಲ ಬಿಲ್ಲೆ ಹೊರುವ ಮುದುಕ, ಅವನ ಬಾಯಲ್ಲಿ ಹಲ್ಲಿಲ್ಲ. ಸೂಲಗಿತ್ತಿ. ಕುಟುಂಬ ಯೋಜನೆಯ ಹೆಂಗಸು, ಆ ದಪ್ಪ ಚೀಲದವಳು. ಅವಳನ್ನು ನಿಮ್ಮಮ್ಮ ಪೊರಕೆ ಹಿಡಿದು ಓಡಿಸಿದರು, ಇಡೀ ಗುಡ್ಡಕ್ಕೆ ಒಳ್ಳೆ ತಮಾಷೆ. ಅಷ್ಟೇ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಮೂರು ದಿನ ಒದ್ದಾಡಿದೆ. ಸುಳ್ಳು ಬರೆಯಬೇಡ ಎಂದಿದ್ದೀಯ, ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ಮನೆ ಹೊಸ್ತಿಲ ಕಲ್ಲಿನ ಮೇಲೆ ಒಂದು ಜೊತೆ ಗಂಡಸರ ಬೂಟು ಇದೆ. ದೊಡ್ಡದು. ನಿನ್ನ ಎರಡು ಕಾಲೂ ಒಂದರಲ್ಲೇ ಹಿಡಿಸುವಂಥದ್ದು. ಬೆಳಿಗ್ಗೆಯೂ ಇತ್ತು, ಸಂಜೆಯೂ ಇತ್ತು, ಮರುದಿನವೂ ಇತ್ತು. ಒಳಗೆ ಯಾರನ್ನೂ ನಾನು ನೋಡಿಲ್ಲ. ಅದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾರನ್ನೂ ನೋಡಿಲ್ಲ. ಬಾಯಿಬಿಟ್ಟು ಕೇಳೋಣವೆಂದರೆ ನಿಮ್ಮಮ್ಮನ ಪೊರಕೆ ನೆನಪಾಯಿತು.

ತಲೆ ಕೆಡಿಸಿಕೊಳ್ಳಬೇಡ ಎಂದರೆ ನೀನು ಕೇಳುತ್ತೀಯಾ? ಆದರೂ ಹೇಳುತ್ತಿದ್ದೇನೆ. ನಿನ್ನ ಹೆಂಡತಿ ಅಂಥವಳಲ್ಲ ಎಂದು ನನ್ನವಳು ಹೇಳುತ್ತಾಳೆ. ನಾನು ಕಾರಣ ಹೇಳದೆ ಸುತ್ತಿಬಳಸಿ ಕೇಳಿದ್ದೆ.

ಸಾಂಬೊಕ್


ಜುಬೈಲ್
1977 ಸೆಪ್ಟೆಂಬರ್ 8

ಬೊಂಗ್‌ಸುನ್,

ಇದನ್ನು ಅಮ್ಮನ ಮುಂದೆ ಓದಬೇಡ.

ಏಪ್ರಿಲ್ ಹನ್ನೆರಡರಂದು ತರಬೇತಿಯ ಮೈದಾನದಲ್ಲಿ ನಾನು ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡೆ. ಸೊಂಟ ಉಳುಕಿದ್ದು ಸುಳ್ಳು. ಸರ್ಟಿಫಿಕೇಟು ಇದೆ, ಆರೋಗ್ಯ ಕೇಂದ್ರದ ಪುಸ್ತಕದಲ್ಲಿ ಹೆಸರೂ ಇದೆ. ನಿನಗೆ ಹೇಳದೆ ಮಾಡಿಸಿಕೊಂಡದ್ದು ನನ್ನ ತಪ್ಪು, ಒಪ್ಪುತ್ತೇನೆ. ನಿನ್ನ ತಪ್ಪು ಏನೆಂದು ನೀನೇ ಹೇಳು.

ಹೊಸ್ತಿಲ ಕಲ್ಲಿನ ಮೇಲೆ ಯಾರ ಬೂಟು ಇದೆ? ಆ ಮಗು ಯಾರದು?

ನಾನು ಇಲ್ಲಿ ಐವತ್ತು ಡಿಗ್ರಿ ಬಿಸಿಲಿನಲ್ಲಿ ಸಾಯುತ್ತಿರುವುದು ಇನ್ನೊಬ್ಬನ ಮಗುವನ್ನು ಸಾಕುವುದಕ್ಕಲ್ಲ. ಉತ್ತರ ಬರೆ. ಬರೆಯುವಾಗ ಹವಾಮಾನ ಬರೆಯಬೇಡ, ಕನಸು ಬರೆಯಬೇಡ. ಕೇಳಿದ್ದಕ್ಕೆ ಮಾತ್ರ ಬರೆ.

ತಾಕ್ ಮಾನ್‌ಗಿ


ಸಿಯೋಲ್
1977 ಸೆಪ್ಟೆಂಬರ್ 11

ಉನ್‌ಹಾಳ ಅಪ್ಪನಿಗೆ,

ನಿಮ್ಮಿಂದ ಬರುವ ಪತ್ರ ದಿನದಿಂದ ದಿನಕ್ಕೆ ಗಿಡ್ಡವಾಗುತ್ತಿದೆ. ಮೈಯಲ್ಲಿ ಹುಷಾರಿಲ್ಲವೇ? ಬಚ್ಚಿಡಬೇಡಿ. ಅತ್ತೆ ನಾಲ್ಕು ಸಲ ಅದೇ ಪತ್ರ ಓದಿಸಿದರು. ನಾಲ್ಕನೇ ಸಲ ನಾನೇ ಎರಡು ಸಾಲು ಸೇರಿಸಿದೆ, ‘ಅಮ್ಮನ ಕೈಯ ಕಿಮ್ಚಿ ನೆನಪಾಗುತ್ತದೆ’ ಎಂದು. ಪಾಪ, ಕಣ್ಣೊರೆಸಿಕೊಂಡರು. ಮುಂದೆ ನೀವೇ ಬರೆದುಬಿಡಿ, ನನಗೆ ಪಾಪ ಸುತ್ತಿಕೊಳ್ಳುವುದು ಬೇಡ.

ದೊಡ್ಡ ಸುದ್ದಿ. ಬಾನ್‌ಪೋದಲ್ಲಿ ಸರ್ಕಾರದ ಹೊಸ ಅಪಾರ್ಟ್‌ಮೆಂಟು ಹಂಚುತ್ತಾರಂತೆ. ಎರಡೇ ಮಕ್ಕಳಿದ್ದು, ಗಂಡ ಹೆಂಡಿರಲ್ಲಿ ಒಬ್ಬರು ಆಪರೇಷನ್ ಮಾಡಿಸಿಕೊಂಡಿದ್ದರೆ ಅವರಿಗೇ ಮೊದಲ ಸಾಲು. ಕುಟುಂಬ ಯೋಜನೆಯ ಹೆಂಗಸು ಪೊರಕೆ ಏಟು ತಿಂದ ಮೇಲೂ ಬಿಡದೆ ಮತ್ತೆ ಬಂದಿದ್ದಳು. ಬಾಗಿಲಾಚೆ ನಿಂತೇ, “ಅಮ್ಮಾ, ಎರಡಕ್ಕೆ ನಿಲ್ಲಿಸಿ ನೋಡಿ, ಮೂರನೇದಕ್ಕೆ ಹೋಗೋ ಅನ್ನದಲ್ಲಿ ಇಬ್ರೂ ಓದ್ತಾರೆ” ಎಂದಳು. ಅತ್ತೆ ಒಳಗಿನಿಂದಲೇ, “ಅಪಾರ್ಟ್‌ಮೆಂಟಂತೆ! ಬೀಜ ಒಡೆದ ಹೋರಿಗಳ ಕೊಟ್ಟಿಗೆ ಅದು! ನನ್ನ ಮಗ ಅಲ್ಲಿಗೆ ಕಾಲಿಡಲ್ಲ” ಎಂದರು. ಗುಡ್ಡದವರೆಲ್ಲ ಈಗ ಅದನ್ನು ‘ಬೀಜ ಒಡೆದವರ ಅಪಾರ್ಟ್‌ಮೆಂಟು’ ಎಂದೇ ಕರೆಯುತ್ತಿದ್ದಾರೆ. ನಗುತ್ತಾರೆ, ಆಮೇಲೆ ಒಬ್ಬೊಬ್ಬರೇ ಹೋಗಿ ಅರ್ಜಿಯ ವಿಷಯ ವಿಚಾರಿಸಿಕೊಂಡು ಬರುತ್ತಾರೆ.

ನನಗೆ ಆಸೆಯಾಗಿದೆ, ಮುಚ್ಚಿಡುವುದೇಕೆ! ಮನೆಯೊಳಗೇ ನಲ್ಲಿ, ಅದರಲ್ಲಿ ಬಿಸಿನೀರು! ಎಷ್ಟು ಅಪಾರ್ಟ್‌ಮೆಂಟಿಗೆ ನೀವು ಸೆಂಟ್ರಿಂಗ್ ಹೊಡೆದಿಲ್ಲ, ಒಂದರಲ್ಲೂ ನಾವು ಮಲಗಲಿಲ್ಲ. ಈ ಮಗುವಾದ ಮೇಲೆ ನಾನೇ ಆಪರೇಷನ್ ಮಾಡಿಸಿಕೊಳ್ಳುತ್ತೇನೆ. ನಿಮ್ಮನ್ನು ಕೇಳುವುದಿಲ್ಲ, ಗಂಡಸರು ಅದಕ್ಕೆ ಹೆದರುತ್ತಾರೆಂದು ಗೊತ್ತು. ಗಂಡಾದರೆ ಅತ್ತೆಗೂ ಸಮಾಧಾನ. ಹೆಣ್ಣಾದರೆ ಅವರನ್ನು ನಾನು ನೋಡಿಕೊಳ್ಳುತ್ತೇನೆ.

ಹಾಂ, ಕೆಳಗಿನ ಮನೆಗೆ ಕಳ್ಳ ನುಗ್ಗಿದ್ದ. ಗಂಡಸರಿಲ್ಲದ ಮನೆ ಎಂದು ತಿಳಿಯಬಾರದೆಂದು ಅತ್ತೆ ಹಳೇ ಸಾಮಾನಿನವನ ಹತ್ತಿರ ಒಂದು ಜೊತೆ ಮಿಲಿಟರಿ ಬೂಟು ಇಸಿದುಕೊಂಡು ಹೊಸ್ತಿಲ ಕಲ್ಲಿನ ಮೇಲೆ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಅದಕ್ಕೆ ನೀರು ಚಿಮುಕಿಸಿ, ಮಣ್ಣು ಮೆತ್ತಿ, ಯಾರೋ ಈಗ ತಾನೇ ಬಂದು ಬಿಚ್ಚಿಟ್ಟ ಹಾಗೆ ಮಾಡುತ್ತಾರೆ. ಉನ್‌ಹಾ ಅದಕ್ಕೆ ‘ಬೂಟಪ್ಪ’ ಎಂದು ಹೆಸರಿಟ್ಟಿದ್ದಾಳೆ. ಬೇಗ ಬನ್ನಿ, ನಿಮ್ಮ ಜಾಗ ಹೋಗುವ ಹಾಗಿದೆ!

ಹೆಸರು ಇನ್ನೂ ಬರೆದಿಲ್ಲ ನೀವು.

ಉನ್‌ಹಾಳ ಅಮ್ಮ


ಸಿಯೋಲ್
1977 ಅಕ್ಟೋಬರ್ 5

ಮಾನ್‌ಗಿ,

ನನ್ನನ್ನು ಹಿಡಿದು ಹೊಡಿ. ಇಲ್ಲ, ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದು ಹೊಡೆದುಕೊಳ್ಳಬೇಕು.

ನನ್ನವಳೂ ಬಸುರಿ ಕಣೋ. ಐದು ತಿಂಗಳು! ಮೂರೇ ಸಾಕು ಎಂದು ನಾನು ಗುಡುಗಿದ್ದೆನಲ್ಲ, ಹೆದರಿ ಬಾಯಿ ಬಿಟ್ಟಿರಲಿಲ್ಲ. ಹೊಟ್ಟೆ ಮುಚ್ಚಿಡಲಾಗದೆ ಮೊನ್ನೆ ಹೇಳಿದಳು. ನಾನು ಎರಡು ಬಟ್ಟಲು ಒಡೆದೆ. ಮೂರನೆಯದು ಎತ್ತುವಾಗ ಅವಳು ಸೌಟಿನಿಂದ ನನ್ನ ತಲೆಗೆ ಬಾರಿಸಿ, “ಯಾರದ್ದು ಅಂತ ಕೇಳ್ತೀಯಾ? ನಡಿ, ಕೊಯ್ದೋರನ್ನೇ ಕೇಳೋಣ” ಎಂದು ಅಂಗಿ ಹಿಡಿದು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು. ಬೀದಿಯವರೆಲ್ಲ ಹಿಂದೆ.

ಅಲ್ಲಿಯ ನರ್ಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅವತ್ತು ಒಂದು ಪೊಟ್ಟಣ ಕೊಟ್ಟಿದ್ದೆವಲ್ಲ, ಎಲ್ಲಿ?”

“ಯಾವ ಪೊಟ್ಟಣ?”

“ರಬ್ಬರಿಂದು! ಕೊಯ್ದ ತಕ್ಷಣ ಮುಗಿಯಲ್ಲಪ್ಪ. ಮೊದಲೇ ಒಳಗೆ ಇದ್ದದ್ದು ಖಾಲಿಯಾಗೋಕೆ ಎರಡು ತಿಂಗಳಾದ್ರೂ ಬೇಕು. ಅಲ್ಲೀವರೆಗೆ ಅದನ್ನ ಹಾಕ್ಕೊಳ್ಳಿ, ಆಮೇಲೆ ಬಂದು ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ಒಬ್ಬೊಬ್ಬರಿಗೂ ಹೇಳಿದ್ದೆ. ಕೇಳಿಸ್ಕೊಂಡ್ರಾ? ಮನೆಗೆ ಹೋಗ್ಬಹುದು ಅಂದಿದ್ದು ಮಾತ್ರ ಕೇಳಿಸ್ತು!”

ಮಾನ್‌ಗಿ, ಆ ಪೊಟ್ಟಣ ಏನಾಯಿತು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಹಂದಿಮಾಂಸದ ಹೋಟೆಲಿನಲ್ಲಿ ನಾವು ಸೋಜು ಸಾರಾಯಿ ಏರಿಸಿ, ನಿನ್ನದು ನನ್ನದು ಎರಡೂ ಪೊಟ್ಟಣ ಒಡೆದು, ಬಲೂನು ಊದಿ ಹೋಟೆಲಿನವಳ ಮಕ್ಕಳಿಗೆ ಕೊಟ್ಟೆವು. ನೀನು ಎಲ್ಲಕ್ಕಿಂತ ದೊಡ್ಡದು ಊದಿದ್ದೆ.

ಆ ಮಗು ನಿನ್ನದೇ. ನಿನ್ನ ಹೆಂಡತಿಗೆ ಏನೂ ಬರೆದಿಲ್ಲ ತಾನೇ? ಬರೆದಿಲ್ಲ ಎಂದು ಹೇಳು.

ಸಾಂಬೊಕ್


ಜುಬೈಲ್
1977 ಅಕ್ಟೋಬರ್ 21

ಉನ್‌ಹಾಳ ಅಮ್ಮನಿಗೆ,

ಸೆಪ್ಟೆಂಬರ್ ಎಂಟರ ನನ್ನ ಪತ್ರ ದಾರಿಯಲ್ಲಿ ಕಳೆದುಹೋಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಬಂದಿದ್ದರೆ ಹರಿದುಹಾಕು. ಸಾಂಬೊಕ್ ಎಲ್ಲ ಬರೆದಿದ್ದಾನೆ. ನನಗೆ ಬುದ್ಧಿ ಇರಲಿಲ್ಲ. ಕೊಯ್ದ ಮೇಲೂ ಎರಡು ತಿಂಗಳು ಉಳಿದಿರುತ್ತದಂತೆ, ನಾನು ಕೇಳಿಸಿಕೊಂಡಿರಲಿಲ್ಲ. ಬೂಟಿನ ವಿಷಯ ನೀನು ಬರೆದದ್ದು ನನ್ನ ಪತ್ರ ಹೋದ ಎರಡು ವಾರದ ಮೇಲೆ ಕೈಸೇರಿತು. ಆಗಲೇ ಅರ್ಧ ಸತ್ತಿದ್ದೆ, ಈಗ ಪೂರಾ.

ತಪ್ಪಾಯಿತು. ಇದಕ್ಕಿಂತ ದೊಡ್ಡ ಮಾತು ನನಗೆ ಬರುವುದಿಲ್ಲ. ನಾನು ಹಲಗೆ ಹೊಡೆಯುವವನು. ನೀನು ಎರಡು ಸಾಲು ಬರೆ, ಬೈದಾದರೂ ಬರೆ.

ಉನ್‌ಹಾಳ ಅಪ್ಪ


ಜುಬೈಲ್
1977 ಡಿಸೆಂಬರ್ 30

ಉನ್‌ಹಾಳ ಅಮ್ಮನಿಗೆ,

ಇದು ಏಳನೆಯ ಪತ್ರ. ಉತ್ತರವಿಲ್ಲ. ನಿನಗೆ ದಿನ ಹತ್ತಿರ ಬಂದಿರಬೇಕು. ಅಂಚೆಯ ಚೀಲ ಬಂದ ದಿನ ನಾನು ಸಾಲಿನ ಕೊನೆಯಲ್ಲಿ ನಿಲ್ಲುತ್ತೇನೆ, ನನ್ನ ಹೆಸರು ಕರೆಯದೇ ಇರುವುದನ್ನು ಆದಷ್ಟು ತಡವಾಗಿ ಕೇಳೋಣ ಎಂದು. ಅಮ್ಮನಿಂದಾದರೂ ಒಂದು ಮಾತು ಬರೆಯಿಸು. ಬದುಕಿದ್ದೀರಾ?

ಮಾನ್‌ಗಿ


ಸಿಯೋಲ್
1978 ಫೆಬ್ರವರಿ 19

ಉನ್‌ಹಾಳ ಅಪ್ಪನಿಗೆ,

ಬದುಕಿದ್ದೇವೆ. ಜನವರಿ ಇಪ್ಪತ್ತನಾಲ್ಕರ ಬೆಳಿಗ್ಗೆ ಮಗುವಾಯಿತು. ಹೆಣ್ಣು. ಅತ್ತೆ ಗೋಡೆಯ ಕಡೆ ತಿರುಗಿ ಒಂದು ಗಳಿಗೆ ಕೂತಿದ್ದರು. ಆಮೇಲೆ ಎದ್ದು ಕಡಲಪಾಚಿಯ ಸಾರು ಕುದಿಸಿದರು, ಇಪ್ಪತ್ತೊಂದು ದಿನ ಮೂರು ಹೊತ್ತೂ ಕುಡಿಸಿದರು. ಹೆಸರು ಸೊರಿನ್ ಎಂದು ನಾನೇ ಇಟ್ಟೆ. ಕೇಳಿದಾಗ ನೀವು ಕೊಡಲಿಲ್ಲ, ಆಮೇಲೆ ನಡುವಿನ ಪತ್ರಗಳಲ್ಲಿ ಹದಿನಾಲ್ಕು ಹೆಸರು ಕಳಿಸಿದ್ದೀರಿ. ಅವು ನನಗೆ ಬೇಕಾಗಲಿಲ್ಲ.

ನಿಮ್ಮ ಸೆಪ್ಟೆಂಬರ್ ಎಂಟರ ಪತ್ರ ದಾರಿಯಲ್ಲಿ ಕಳೆದಿರಲಿಲ್ಲ. ಅಂಚೆಯವನು ತಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಅವರೇ ಲಕೋಟೆ ಹರಿದು ಕೈಗಿಟ್ಟು, ಮಂಡಿ ನೀವಿಕೊಳ್ಳುತ್ತಾ ಎದುರಿಗೆ ಕೂತರು. ಉನ್‌ಹಾ ತೊಡೆ ಹತ್ತಿದಳು. ‘ಅಮ್ಮನ ಮುಂದೆ ಓದಬೇಡ’ ಎಂಬ ಮೊದಲ ಸಾಲನ್ನು ನಾನು ಅಮ್ಮನ ಮುಂದೆ ಓದಿಕೊಂಡೆ. ಅತ್ತೆ, “ಓದು ಮತ್ತೆ, ಯಾಕೆ ನುಂಗ್ತಿದ್ದೀಯಾ?” ಎಂದರು. ಓದಿದೆ. ‘ಅಮ್ಮನಿಗೆ ನಮಸ್ಕಾರ. ಚಳಿ ಬರುವ ಮೊದಲು ದಪ್ಪ ಬನಿಯನ್ನು ಹೊಲಿಸಿಕೊಳ್ಳಲಿ. ಇಲ್ಲಿ ಕುರಿಮಾಂಸ ಕೊಡುತ್ತಾರೆ, ವಾಸನೆ. ಉನ್‌ಹಾಳಿಗೆ ಗೊಂಬೆ ನೋಡಿಟ್ಟಿದ್ದೇನೆ.’ ಕಣ್ಣು ನಿಮ್ಮ ಅಕ್ಷರದ ಮೇಲಿತ್ತು, ಬಾಯಿ ತನ್ನ ಪಾಡಿಗೆ ಹೇಳುತ್ತಿತ್ತು. ‘ಆ ಮಗು ಯಾರದು’ ಎಂಬಲ್ಲಿಗೆ ಬಂದಾಗ, ‘ಹುಟ್ಟುವ ಮಗುವಿಗೆ ನನ್ನ ಮುತ್ತು’ ಎಂದೆ. ಅಷ್ಟು ಸುಳ್ಳನ್ನು ನನ್ನ ಜನ್ಮದಲ್ಲಿ ಒಟ್ಟಿಗೆ ಹೇಳಿರಲಿಲ್ಲ. ಮುಗಿಸಿದ ಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ. ಬಸುರಿಯಲ್ಲವೇ, ಯಾರೂ ಏನೂ ಕೇಳಲಿಲ್ಲ.

ನಿಮ್ಮ ಉಳಿದ ಪತ್ರಗಳನ್ನೂ ಓದಿ ಹೇಳಿದ್ದೇನೆ. ಅವುಗಳಲ್ಲಿಯೂ ಅರ್ಧ ನನ್ನದೇ. ನಿಮಗೆ ಬರೆಯಲು ಕೂತರೆ ಕೈ ಓಡಲಿಲ್ಲ. ಸಾಂಬೊಕ್ ಬಂದು ಬಾಗಿಲಲ್ಲಿ ಮಂಡಿಯೂರಿ ಅತ್ತು ಹೋದ. ಅವನ ಮೇಲೆ ನನಗೆ ಕೋಪವಿಲ್ಲ. ಅವನು ಬಟ್ಟಲು ಒಡೆದ, ಅವನ ಹೆಂಡತಿ ಸೌಟಿನಲ್ಲಿ ಹೊಡೆದಳು, ಅಲ್ಲಿಗೆ ತೀರಿತು. ಹೊಡೆಯೋಣವೆಂದರೆ ನೀವು ನನ್ನ ಕೈಗೆ ಸಿಗುವುದಿಲ್ಲ.

ಅಪಾರ್ಟ್‌ಮೆಂಟಿನ ಅರ್ಜಿ ಮಾರ್ಚ್ ಮೂವತ್ತೊಂದಕ್ಕೆ ಕೊನೆ. ನನ್ನ ಆಪರೇಷನ್ನಿನ ಅಗತ್ಯ ಇಲ್ಲವಲ್ಲ, ನಿಮ್ಮದಾಗಿದೆ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಸರ್ಟಿಫಿಕೇಟಿನ ನಕಲು ತರಲು ಹೋದೆ. ಕುಟುಂಬ ಯೋಜನೆಯ ಹೆಂಗಸು ಪುಸ್ತಕದಲ್ಲಿ ತಾರೀಖು ನೋಡಿದಳು, ಬೆನ್ನ ಮೇಲಿನ ಮಗು ನೋಡಿದಳು. “ಏಪ್ರಿಲ್ ಹನ್ನೆರಡರ ಗುಂಪಾ? ನೀವು ನಾಲ್ಕನೆಯವರು ಕಣಮ್ಮಾ!” ಎಂದು ನಕ್ಕಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಿಲ್ಲಲೇ ಇಲ್ಲ. ಅವಳು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಜವೆಯ ಚಹಾ ಕೊಟ್ಟಳು.

ಇದರ ಜೊತೆಗಿರುವ ಹಾಳೆಗೆ ಸಹಿ ಹಾಕಿ ತಕ್ಷಣ ಕಳಿಸಿ. ಇದು ಕ್ಷಮಾಪತ್ರವಲ್ಲ, ಅರ್ಜಿ. ಮಕ್ಕಳಿಗೆ ಬಿಸಿನೀರು ಬೇಕು. ನಿಮ್ಮ ಜೊತೆ ನಾನು ಅಲ್ಲಿ ಇರುತ್ತೇನೋ ಇಲ್ಲವೋ ನನಗೇ ಇನ್ನೂ ಗೊತ್ತಾಗಿಲ್ಲ.

ಉನ್‌ಹಾ ಮತ್ತು ಸೊರಿನ್ ಅವರ ಅಮ್ಮ


ಸಿಯೋಲ್
1978 ಏಪ್ರಿಲ್ 8

ಮಾನ್‌ಗೀ,

ನಾನು ನಿನ್ನಮ್ಮ. ನಾನು ಹೇಳ್ತೀನಿ, ನಿನ್ನ ಹೆಂಡ್ತಿ ಬರೀತಾಳೆ. ಹೇಳಿದ್ದನ್ನ ಹೇಳಿದ ಹಾಗೆ ಬರೀಬೇಕು, ಒಂದಕ್ಷರ ತಿದ್ದೋ ಹಾಗಿಲ್ಲ ಅಂತ ಆಣೆ ಹಾಕಿಸಿದ್ದೀನಿ.

ಚೀಟಿ ಎತ್ತಿದ್ರು. ನಮ್ಮ ನಂಬರು ಬಂತು. ಮೂರನೇ ಮಹಡಿ, ಚಳಿಗಾಲದೊಳಗೆ ಬೀಗದಕೈ ಕೊಡ್ತಾರಂತೆ. ಬೀಜ ಒಡೆದವರ ಅಪಾರ್ಟ್‌ಮೆಂಟು ಅಂತ ನಾನೇ ಬಾಯಿ ತುಂಬ ಬೈದಿದ್ದೆ. ನನ್ನ ಹೊಟ್ಟೇಲಿ ಹುಟ್ಟಿದವನೇ ಆ ಮನೆಗೆ ಯಜಮಾನ ಅಂತ ನನಗೇನು ಗೊತ್ತಿತ್ತು? ಮೂರು ದಿನ ಅನ್ನ ಮುಟ್ಟಲಿಲ್ಲ ನಾನು. ಇನ್ನು ನಮ್ಮ ಮನೇಲಿ ಗಂಡುಮಗು ಹುಟ್ಟೋ ಹಾಗಿಲ್ಲ. ಗಂಡು ಹೆರಲಿಲ್ಲ ಅಂತ ಈ ಹುಡುಗಿಗೆ ಎಷ್ಟು ವರ್ಷ ಅಂದೆ, ಎಷ್ಟು ಕಹಿ ಕುಡಿಸಿದೆ! ನೋಡಿದ್ರೆ ಕೊನೆಗೆ ನೀನೇ ಹೋಗಿ ಬಾಗಿಲು ಹಾಕ್ಕೊಂಡು ಬಂದಿದ್ದೆ. ಥೂ ನಿನ್ನ!

ಆ ಕಾಗದದ ವಿಷಯ ನನಗೆ ಅವತ್ತೇ ಗೊತ್ತಾಯ್ತು ಕಣೋ. ಇವಳು ಓದ್ತಾ ಇದ್ಳು, ಬನಿಯನ್ನು, ಗೊಂಬೆ, ಕುರಿ. ಓದಿದ್ದು ನಾಲ್ಕೈದು ಮಾತು, ಹಾಳೆ ಮೇಲೆ ನೋಡಿದ್ರೆ ಹದಿನೈದು ಸಾಲು. ಅಕ್ಷರ ಬರಲ್ಲ ನಂಗೆ, ಸಾಲು ಎಣಿಸೋಕೆ ಬರಲ್ವಾ? ಮಾರನೇ ದಿನ ಕದ್ದು ತಗೊಂಡು ಹೋಗಿ ಸಾಂಬೊಕ್ ಹೆಂಡ್ತಿ ಹತ್ರ ಓದಿಸ್ದೆ. ಆಮೇಲೆ ಇದ್ದ ಜಾಗದಲ್ಲೇ ಇಟ್ಟೆ. ಇವಳು ನನಗೆ ಹೇಳ್ಲಿಲ್ಲ, ನಾನು ಇವಳಿಗೆ ಹೇಳ್ಲಿಲ್ಲ. ಈಗ ಬರೀತಾ ಬರೀತಾ ಬಾಯಿ ಬಿಟ್ಕೊಂಡು ನನ್ನ ನೋಡ್ತಿದ್ದಾಳೆ. ಬರಿಯೇ, ಬರಿ.

ನಿಮ್ಮಪ್ಪನ್ನ ಜಪಾನಿನವ್ರು ಗಣಿಗೆ ಹಿಡ್ಕೊಂಡು ಹೋದಾಗ ನಿನ್ನ ಮುಂಚಿನ ಮೂರೂ ಇದ್ವು. ನೀನು ಹೊಟ್ಟೇಲಿದ್ದದ್ದು ನಂಗೇ ಗೊತ್ತಿರ್ಲಿಲ್ಲ. ಯುದ್ಧ ಮುಗಿದು ವಾಪಸು ಬಂದಾಗ ನೀನು ಬೋರಲು ಬೀಳ್ತಿದ್ದೆ. ಚೀಲನೂ ಇಳಿಸ್ಲಿಲ್ಲ, ಬಾಗ್ಲಲ್ಲೇ ನಿಂತು ಬೆರಳು ಮಡಚಿ ತಿಂಗಳು ಎಣಿಸ್ದ. ‘ಇದು ಯಾರದ್ದು?’ ಅಂದ. ಅವತ್ತು ನನಗೆ ಬಂದ ಸಿಟ್ಟು! ನಂಬೋದಾದ್ರೆ ಕೇಳದೇ ನಂಬ್ಲಿ ಅಂತ ಬಾಯಿ ಹೊಲ್ಕೊಂಡೆ. ಅವನು ಮತ್ತೆ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಆಮೇಲೆ ಇನ್ನೂ ನಾಲ್ಕು ಹೆತ್ತೆ ಅವನಿಗೆ. ಎಲ್ಲಾನೂ ಎತ್ತಿ ಆಡಿಸ್ದ. ನಿನ್ನನ್ನ ಮಾತ್ರ ಎತ್ಕೊಳ್ಳಲಿಲ್ಲ, ಹೆಸರು ಹಿಡಿದು ಕರೀಲೂ ಇಲ್ಲ. ಅಪ್ಪ ಒರಟ ಅಂತ ನೀನು ಅಂದ್ಕೊಂಡು ಬೆಳೆದೆ. ಒರಟ ಅಲ್ಲ ಕಣೋ ಅವನು. ಮೆತ್ತಗಿನ ಮನುಷ್ಯ.

ನನ್ನ ಹತ್ರ ಉತ್ತರ ಇತ್ತು. ನೀನು ಅವನದ್ದೇ. ಒಂದು ಮಾತು, ಅಷ್ಟೇ. ಸಾಯೋ ದಿನ ಕೂಡ ಅವನು ನನ್ನ ಮುಖ ನೋಡ್ದ, ನಾನು ಹೇಳ್ಲಿಲ್ಲ. ಹಠ ನನ್ನದು, ಏಟು ಬಿದ್ದದ್ದು ನಿನಗೆ. ಈ ವಯಸ್ಸಲ್ಲಿ ನಿನಗೆ ಇದನ್ನ ಹೇಳೋಕೆ ನಂಗೆ ನಾಚಿಕೆ ಆಗ್ತಿದೆ.

ಸಾಕು. ಮುಂದಿನದು ಇವಳ ಇಷ್ಟ.

ನಿನ್ನಮ್ಮ


ಅತ್ತೆ ಇಷ್ಟು ಹೇಳಿ ನೀರು ತರಲು ಎದ್ದು ಹೋದರು. ಬಿಂದಿಗೆ ಮರೆತು ಹೋಗಿದ್ದಾರೆ.

ನೀವು ಕೇಳಿದ್ದಕ್ಕೆ ನಾನೂ ಉತ್ತರ ಕೊಡಬಾರದೆಂದೇ ಇದ್ದೆ. ಸಾಂಬೊಕ್ ಹೇಳಿದ, ನರ್ಸಮ್ಮ ಹೇಳಿದರು, ಅದು ನಿಮಗೆ ಸಾಕಾಯಿತು. ನನ್ನ ಮಾತು ನಿಮಗೆ ಬೇಕಿರಲಿಲ್ಲ, ನಾನೇಕೆ ಕೊಡಲಿ ಎಂದುಕೊಂಡಿದ್ದೆ. ಆ ಕೋಪ ಇವತ್ತಿಗೂ ಇದೆ, ನೀವು ಬಂದ ಮೇಲೂ ಬಹಳ ದಿನ ಇರುತ್ತದೆ.

ಆದರೂ ಬರೆಯುತ್ತಿದ್ದೇನೆ. ಸೊರಿನ್ ನಿಮ್ಮ ಮಗಳು.

ನಿಮ್ಮ ಒಂದು ವರ್ಷದ ಕರಾರು ಮುಗಿದು ನೀವು ಬಂದಿಳಿಯುವ ಮೇ ಮೂರಕ್ಕೆ ವಿಮಾನ ನಿಲ್ದಾಣಕ್ಕೆ ನಾನು ಬರುವುದಿಲ್ಲ. ನೀವು ಗುಡ್ಡ ಹತ್ತಿ ಬನ್ನಿ. ಚೀಲ ಕೆಳಗಿಡಿ, ಕೈ ತೊಳೆದುಕೊಳ್ಳಿ, ಮೊದಲು ಅವಳನ್ನು ಎತ್ತಿಕೊಳ್ಳಿ. ನನ್ನನ್ನು ಆಮೇಲೆ ಮಾತಾಡಿಸುವಿರಂತೆ.

ಬೊಂಗ್‌ಸುನ್